ಹಿಡಿಯಲು ಕೊಟ್ಟ ಕಾಲು

ಹುಲಿಯೂರುದುರ್ಗದಲ್ಲಿ ನಮಗೆ ಕಬಡ್ಡಿ ಕಲಿಸಿದ ಮೇಷ್ಟ್ರು ಎಡಗಾಲನ್ನು ಎಳೆದುಕೊಂಡು ನಡೆಯುತ್ತಿದ್ದರು. ಬದುವಿನ ಜಗಳದಲ್ಲಿ ಪಕ್ಕದ ಹೊಲದವನು, ಹಂದಿ ಓಡಿಸಲು ಇಟ್ಟುಕೊಂಡಿದ್ದ ಬಂದೂಕಿನಿಂದ ಅವರ ತೊಡೆಗೆ ಹೊಡೆದಿದ್ದ. ತುಮಕೂರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಎದ್ದುಬಂದವರು, ಊರಿನ ಹುಡುಗಿಯರನ್ನೆಲ್ಲ ಸೇರಿಸಿ ದಿನವೂ ಸಂಜೆ ಆಟ ಕಲಿಸತೊಡಗಿದರು. ಕುಣಿಗಲ್, ಗುಬ್ಬಿ ಎಂದು ಪಂದ್ಯಗಳಿಗೂ ಅವರೇ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದರು.

ಹಿಡಿತ ಕಲಿಸುವಾಗ ಅವರು ಮುಂದೆ ಚಾಚುತ್ತಿದ್ದುದು ಅದೇ ಕಾಲನ್ನು. ನಾವು ಹಿಂಜರಿದರೆ, "ಗಟ್ಟಿಯಾಗಿ ಹಿಡ್ಕೊಳ್ರವ್ವ, ಕಾಲು ನಂದು, ನೋವೂ ನಂದು" ಎನ್ನುತ್ತಿದ್ದರು.

ಒಂದು ಸಂಜೆ, ಜೈಲಿನಿಂದ ಬಿಡುಗಡೆಯಾಗಿ ಬಂದಿದ್ದ ಆ ಪಕ್ಕದ ಹೊಲದವನು ಅಂಕಣದ ಆಚೆ ಬಂದು ನಿಂತ. ನಾವು ಆಟ ನಿಲ್ಲಿಸಿದೆವು. ಮೇಷ್ಟ್ರು ಅವನತ್ತ ತಿರುಗಿ, "ಬಾ ಒಳಕ್ಕೆ. ನನ್ ಕಾಲು ಹಿಡ್ಕೊ" ಎಂದರು.

ಅವನು ತಲೆ ತಗ್ಗಿಸಿದ. "ಯಾವ ಮುಖ ಇಟ್ಕೊಂಡು ಹಿಡೀಲಣ್ಣ?"

"ಕ್ಷಮೆ ಕೇಳೋಕಲ್ಲ ಕಣ್ಲಾ. ಈ ಹುಡುಗೀರು ಹೆದರ್ಕೊಂಡು ಸಡಿಲವಾಗಿ ಹಿಡೀತಾವೆ. ನೀನು ಗಟ್ಟಿಯಾಗಿ ಹಿಡಿದು ತೋರ್ಸು."

ಅವನು ಮಂಡಿಯೂರಿ ಎರಡೂ ಕೈಯಿಂದ ಹಿಡಿದ. ಮೇಷ್ಟ್ರು "ಕಬಡ್ಡಿ, ಕಬಡ್ಡಿ" ಎನ್ನುತ್ತ ನೆಲಕ್ಕೆ ಬಿದ್ದು, ಅಷ್ಟು ದೊಡ್ಡ ಆಳನ್ನು ಆ ಕಾಲಿನಿಂದಲೇ ಎಳೆದುಕೊಂಡು ತೆವಳಿದರು. ಕತ್ತಿನ ನರಗಳು ಉಬ್ಬಿದವು, ಆದರೆ ಉಸಿರು ಕಡಿಯಲಿಲ್ಲ. ಕೊನೆಗೆ ಬೆರಳ ತುದಿಯಿಂದ ನಡುಗೆರೆ ಮುಟ್ಟಿದರು.

ಆಟ ಮುಗಿದಿದ್ದರೂ ಅವನು ಕಾಲು ಬಿಟ್ಟಿರಲಿಲ್ಲ. ಅದರ ಮೇಲೆ ಮುಖವಿಟ್ಟು ಅಳುತ್ತಿದ್ದ.

ಮೇಷ್ಟ್ರು ಮಣ್ಣಿನಲ್ಲಿ ಮಲಗಿದ್ದಂತೆಯೇ ತಿರುಗಿ, "ಬುಡ್ಲಾ ಇನ್ನ. ನಾನು ಔಟಾಗ್ಲಿಲ್ಲ" ಎಂದರು.