ಸೀಟಿನ ಅಂಚಿನಲ್ಲಿ ಐದು ನಿಮಿಷ

ಯಜಮಾನರು ತೀರಿಕೊಂಡ ಮೇಲೆ ನಾರಾಯಣಗೂಡದ ನಮ್ಮ ಮನೆಯಲ್ಲಿ ಬೆಳಗಿನ ಪೂಜೆಗೆ ಇನ್ನೊಂದು ಕೆಲಸ ಸೇರಿಕೊಂಡಿತು. ದೇವರ ಮುಂದೆ ದೀಪ ಹಚ್ಚುವುದು, ಆಮೇಲೆ ಅಂಗಳಕ್ಕಿಳಿದು ಅವರ ಕಾರನ್ನು ಐದು ನಿಮಿಷ ಚಾಲೂ ಇಡುವುದು. "ನಿಂತ ಗಾಡಿ ಬ್ಯಾಟರಿ ಸಾಯತೈತಿ, ದಿನಾ ಚಾಲೂ ಮಾಡಬೇಕು" ಎನ್ನುತ್ತಿದ್ದವರು ಅವರೇ. ಅವರಿದ್ದಾಗ ಒಂದು ಮಾತೂ ಕೇಳದ ನಾನು ಈಗ ಇದನ್ನು ತಪ್ಪದೆ ಪಾಲಿಸುತ್ತಿದ್ದೆ.

ಅವರು ಆರಡಿ ಎತ್ತರ, ನಾನು ಐದಡಿಗೂ ಕಡಿಮೆ. ಅವರ ಕಾಲಳತೆಗೆ ಸೀಟು ಹಿಂದೆಯೇ ಇತ್ತು, ನಾನು ಸರಿಸಲಿಲ್ಲ. ಅಂಚಿನಲ್ಲಿ ಕೂತು, ಹೆಬ್ಬೆರಳ ತುದಿಯಿಂದ ಕ್ಲಚ್ ಒತ್ತಿ ಕೀಲಿ ತಿರುವಿ, ಆಮೇಲೆ ಹಿಂದಕ್ಕೊರಗಿ ಕಣ್ಣು ಮುಚ್ಚುತ್ತಿದ್ದೆ. ಗಾಜಿನ ಮೇಲೆ ಬೇವಿನ ಹೂ ಉದುರುತ್ತಿತ್ತು. ಇಂಜಿನ್ನಿನ ಗುಂಯ್ ಸದ್ದಿನಲ್ಲಿ, ಅವರು ತರಕಾರಿಗೆಂದು ಇಳಿದಿದ್ದಾರೆ, ಕೊತ್ತಂಬರಿಗೆ ಚೌಕಾಸಿ ಮುಗಿಸಿ ಈಗ ಬಂದಾರು ಅನ್ನಿಸುತ್ತಿತ್ತು. ಐದು ನಿಮಿಷ ಅಷ್ಟು ಉದ್ದವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಬಿಸಿಲು ಕೆಂಡವಾಗಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಕೀಲಿ ತಿರುವಿದರೆ ಕಾರು ಟಕ್ ಎಂದು ಸುಮ್ಮನಾಯಿತು. ಇದೂ ಹೋಯಿತೇ?

ಸನತ್‌ನಗರದಿಂದ ಬ್ಯಾಟರಿ ಅಂಗಡಿಯವನನ್ನು ಕರೆಸಿದೆ, ಕಲಬುರಗಿ ಕಡೆಯವನು. ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದು ನೋಡಿದ. ಗಾಜಿನ ನಳಿಗೆಯಲ್ಲಿ ಆಸಿಡ್ ಎಳೆದ. ಒಳಗಿನ ತೇಲುಗುಂಡು ಮೇಲೇಳಲೇ ಇಲ್ಲ, ಚಾರ್ಜ್ ಪೂರ್ತಿ ಇಳಿದಿತ್ತು.

"ಬಿಸಿಲಿಗೆ ನೀರು ಆರೈತ್ರಿ ಅಕ್ಕಾರ, ಅದನ್ನ ತುಂಬತೀನಿ. ಖರೇ ತಪ್ಪು ಬ್ಯಾರೆ ಐತಿ. ಚಾಲೂ ಮಾಡೂಮುಂದ ಅದು ಭಾಳ ಕರೆಂಟ್ ಕೊಡತೈತಿ. ಐದು ನಿಮಿಷ ನಿಂತಲ್ಲೇ ನಿಂತ್ರ ತಿರುಗಿ ತುಂಬಂಗಿಲ್ಲ. ದಿನಾ ಒಂದೀಟು ನೀವೇ ಕೊಲ್ಲಾಕತ್ತೀರಿ."

ಸಿಟ್ಟು ನೆತ್ತಿಗೇರಿತು. "ಮತ್ತ ಏನ್ ಮಾಡಬೇಕಪಾ?"

"ಓಡಸ್ರಿ. ಅರ್ಧ ತಾಸು, ರಸ್ತೆ ಮ್ಯಾಲ. ಲೈಸೆನ್ಸ್ ಐತಿಲ್ಲ?"

ಇತ್ತು. ಅವರು ಪಕ್ಕದಲ್ಲಿ ಕೂತು "ಬ್ರೇಕು, ಬ್ರೇಕು" ಎಂದು ಕೂಗದೆ ನಾನು ಒಮ್ಮೆಯೂ ಓಡಿಸಿರಲಿಲ್ಲ, ಅಷ್ಟೇ. ಅವರಾದರೋ ಚಾಲೂ ಮಾಡಿ ಊರೆಲ್ಲ ಸುತ್ತಿ ಬರುತ್ತಿದ್ದರು. ನಾನು ಹಿಡಿದುಕೊಂಡಿದ್ದು ಅವರ ಮಾತಿನ ಅರ್ಧವನ್ನು.

ಅವನು ಒಯ್ದ ಬ್ಯಾಟರಿ ಚಾರ್ಜ್ ಆಗಿ ಬಂದ ಮರುದಿನ, ಬಿಸಿಲೇರುವ ಮುಂಚೆ ಕಾರಿನಲ್ಲಿ ಕೂತೆ. ಹೆಬ್ಬೆರಳ ತುದಿಯನ್ನು ನಂಬಿ ರಸ್ತೆಗಿಳಿಯಲಾಗದು. ಸೀಟಿನ ಕೆಳಗೆ ಕೈಹಾಕಿ ಅದನ್ನು ಸರಿಸುವ ಸರಳು ಹುಡುಕಿದೆ. ಒಮ್ಮೆ ಸರಿಸಿದರೆ ಅವರ ಸೀಟು ಎಲ್ಲಿತ್ತೆಂದು ನನಗೂ ಮತ್ತೆ ತಿಳಿಯುವುದಿಲ್ಲ. ಅಳು ಬಂತು, ತಡೆಯಲಿಲ್ಲ.

ಆಮೇಲೆ ಮೂಗೊರೆಸಿಕೊಂಡು ಸೀಟನ್ನು ಮುಂದಕ್ಕೆ ಎಳೆದೆ. ನನ್ನ ಪಾದ ಪೂರ್ತಿ ಕ್ಲಚ್ಚಿನ ಮೇಲೆ ಕೂತಿತು.