ವೀಕ್ಷಾಳ ಕನ್ನಡ ದನಿ

ಚೆನ್ನೈನ ಪೆರಂಬೂರಿನಲ್ಲಿ ನಮ್ಮ ಎದುರುಮನೆಯ ಉಷಾಳನ್ನು ಯಾರೂ ತಿರುಗಿ ನೋಡುವುದಿಲ್ಲ. ಅವಳ ದನಿ ಕೇಳದ ಕನ್ನಡಿಗರು ಮಾತ್ರ ಕಡಿಮೆ. ತಮಿಳು ನಟಿ ವೀಕ್ಷಾಳ ಸಿನಿಮಾಗಳು ಕನ್ನಡಕ್ಕೆ ಡಬ್ ಆಗುವಾಗ ಹನ್ನೆರಡು ವರ್ಷದಿಂದ ಅತ್ತಿದ್ದು, ನಕ್ಕಿದ್ದು, ಖಳನಾಯಕನಿಗೆ ಉಗಿದದ್ದು ಎಲ್ಲ ಉಷಾಳೇ. ಪರದೆಯ ಮೇಲೆ ಹೆಸರು ಎಲ್ಲೂ ಬರುವುದಿಲ್ಲ. ಅದಕ್ಕೆ ನನಗೆ ಸಿಟ್ಟು, ಅವಳಿಗಿಲ್ಲ.

ಹೋದ ತಿಂಗಳು ವೀಕ್ಷಾ ಕಾವೇರಿ ನೀರಿನ ಬಗ್ಗೆ ಇನ್‌ಸ್ಟಾಗ್ರಾಮಿನಲ್ಲಿ ಮಾತಾಡಿದಳು. ಎರಡೂ ಕಡೆಯ ರೈತರು ನಮ್ಮವರೇ, ಹಂಚಿಕೊಂಡು ಬಾಳೋಣ ಎಂದಷ್ಟೇ ತಮಿಳಿನಲ್ಲಿ ಹೇಳಿದ್ದು. ಕನ್ನಡದ ಅಭಿಮಾನಿಗಳಿಗೂ ಇರಲಿ ಎಂದು ವೀಕ್ಷಾಳ ಮ್ಯಾನೇಜರ್ ಅದನ್ನು ಉಷಾಳಿಂದ ಡಬ್ ಮಾಡಿಸಿದ. ಡಬ್ಬಿಂಗಿನವರಿಗೆ ಒಂದು ಚಾಳಿ. ಮಾತು ಮುಗಿದರೂ ತೆರೆಯ ಮೇಲೆ ತುಟಿ ಆಡುತ್ತಿದ್ದರೆ ಖಾಲಿ ಬಿಡುವುದಿಲ್ಲ, ಏನಾದರೂ ಸೇರಿಸಿ ತುಂಬುತ್ತಾರೆ. ಉಷಾ ಕೊನೆಯಲ್ಲಿ "ಇಷ್ಟೂ ಅರ್ಥ ಆಗಲ್ವಾ ನಿಮಗೆ?" ಎಂದು ತುಂಬಿದಳು.

ಸಂಜೆಯೊಳಗೆ ಹೊತ್ತಿಕೊಂಡಿತು. ನಮಗೆ ಬುದ್ಧಿ ಹೇಳಲು ಇವಳ್ಯಾರು ಎಂದು ಕರ್ನಾಟಕದವರು ಸಾವಿರಾರು ಜನ ಮುಗಿಬಿದ್ದರು. ವೀಕ್ಷಾಳ ಹೊಸ ಚಿತ್ರದ ಪೋಸ್ಟರಿಗೆ ಸಗಣಿ ಬಿತ್ತು. ಮಂಡ್ಯದಿಂದ ಉಷಾಳ ಅಣ್ಣ ಗುಂಡಣ್ಣ ಫೋನ್ ಮಾಡಿದ.

"ಆ ನಟಿ ಹಾಳಾಗೋಗ್ಲಿ ಕಣೆ. ಆ ಮಾತು ನಿನ್ ಗಂಟಲಲ್ಲಿ ಹೆಂಗ್ ಬಂತು? ಇಲ್ಲಿ ನಾನು ತಲೆ ಎತ್ಕೊಂಡು ತಿರುಗೋದು ಬ್ಯಾಡ್ವಾ?"

ಉಷಾ ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು. "ತಪ್ಪು ನಂದೇ ಅಕ್ಕಾ. ನಾನೇ ಸೇರಿಸಿದ್ದು ಅಂತ ಹೇಳಿದ್ರೆ ಕೆಲ್ಸ ಹೋಗತ್ತೆ. ಈ ವಯಸ್ಸಲ್ಲಿ ಇನ್ಯಾವ ಹೀರೋಯಿನ್ ಕೊಡ್ತಾರೆ ನಂಗೆ?"

"ಮ್ಯಾನೇಜರ್ ಹತ್ರ ಇದ್ದದ್ದು ಇದ್ದ ಹಾಗೆ ಹೇಳಿಬಿಡು. ನಿನ್ನನ್ನೇನು ತಿಂದುಬಿಡ್ತಾರಾ?" ಎಂದೆ. ಈ ಬುದ್ಧಿ ಕೊಟ್ಟವಳು ನಾನೇ.

ಹೇಳಿದಳು. ಮರುದಿನವೇ ಮ್ಯಾನೇಜರ್ ಫೋನ್ ಮಾಡಿ, ಇನ್ನೊಂದು ವಿಡಿಯೊ ಇದೆ, ಬನ್ನಿ ಎಂದ. ಕೆಲಸ ಉಳಿಯಿತಲ್ಲ ಎಂದು ಉಷಾ ಹೂ ಮುಡಿದು ಹೊರಟಳು. ನಾನೂ ಜೊತೆಗೆ ವಡಪಳನಿಯ ಸ್ಟುಡಿಯೊಗೆ ಹೋದೆ.

ರೆಕಾರ್ಡಿಂಗ್ ಮಾಡುವ ಸಮೀರ್ ಮುಖ ನೋಡದೆ ಹಾಳೆ ಕೊಟ್ಟ. ಉಷಾ ಮೆಲ್ಲಗೆ ಓದಿಕೊಂಡಳು. "ಆ ಮಾತು ನನ್ನದಲ್ಲ. ನನಗೆ ಕನ್ನಡದಲ್ಲಿ ದನಿ ಕೊಡುತ್ತಿದ್ದ ಹೆಂಗಸು ತಾನಾಗಿ ಸೇರಿಸಿದ್ದು. ಆಕೆಯನ್ನು ತೆಗೆದುಹಾಕಿದ್ದೇನೆ."

"ಇದನ್ನ ನಾನೇ ಹೇಳಬೇಕಾ, ಸಮೀರ್?"

"ಸಾರಿ ಮೇಡಂ. ಬೇರೆ ವಾಯ್ಸ್ ಬಂದ್ರೆ ಜನ ನಂಬಲ್ವಂತೆ."

ನನಗೆ ಮೈ ಉರಿದುಹೋಯಿತು. "ಏಳೇ, ಹೋಗೋಣ" ಎಂದು ಕೈ ಹಿಡಿದೆಳೆದೆ.

"ಸೇರಿಸಿದ್ದು ನಾನು ತಾನೇ ಅಕ್ಕಾ" ಎಂದು ಕೈ ಬಿಡಿಸಿಕೊಂಡು ಹೆಡ್‌ಫೋನ್ ಹಾಕಿಕೊಂಡಳು.

ಮೊದಲ ಸಲ "ಹೆಂಗಸು" ಎಂಬಲ್ಲಿ ತಡವರಿಸಿದಳು. ಸಮೀರ್ ಇನ್ನೊಂದು ಸಲ ಹೇಳಿ ಎಂದ. ಎರಡನೇ ಸಲ ಉಷಾ ಒಂದಿಷ್ಟೂ ತಡವರಿಸದೆ, ಥೇಟ್ ವೀಕ್ಷಾಳ ಹಾಗೆಯೇ ಹೇಳಿ ಮುಗಿಸಿದಳು.