ಕುರಿ ಎಣಿಸದವರ ಶಾಲೆ

ಹನ್ನೂರಿನ ಹೊರಗೆ, ನಮ್ಮ ಹೊಲದ ಬದುವಿಗೆ ಹೊಂದಿಕೊಂಡು ಕುರುಬರ ವಸ್ತಿ. ಅಲ್ಲಿನ ಸುಗಲಾಬಾಯಿಯಷ್ಟು ಹಟಮಾರಿ ಹೆಂಗಸನ್ನು ನಾನು ಕಂಡಿಲ್ಲ. ನಾನೂ ಹಟಮಾರಿಯೇ ಎಂದು ನಮ್ಮ ಮನೆಯವರು ಹೇಳುತ್ತಿದ್ದರು. ಆದರೆ ನನ್ನ ಹಟ ಒಂದು ಇಳಕಲ್ ಸೀರೆಗೆ ಮುಗಿಯುವಂಥದು. ಅವಳದು ಶಾಲೆಯ ಹಟ.

ಅದಕ್ಕೆ ಕಾರಣವಿತ್ತು. ಅವಳ ಗಂಡ ಕಾಮಣ್ಣ ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದಾಗ ಸೋಲಾಪುರದ ದವಾಖಾನೆಗೆಂದು ಗಾಡಿ ಕಟ್ಟಿಸಿ ಅಕ್ಕಲಕೋಟೆಗೆ ಒಯ್ದಿದ್ದಳು. ಬಸ್ಸಿನ ಬೋರ್ಡು ಓದಲು ಬಾರದು, ಕೇಳಲು ಸಮಾಧಾನವಿಲ್ಲ. ಎದುರಿಗೆ ನಿಂತಿದ್ದ ಬಸ್ಸಿಗೇ ಅವನನ್ನು ಹತ್ತಿಸಿದಳು. ಅದು ದುಧನಿಯ ಬಸ್ಸು. ಅರ್ಧ ದಾರಿಯಲ್ಲಿ ಗೊತ್ತಾಗಿ, ಇಳಿದು, ತಿರುಗಿ ಬರುವ ಬಸ್ಸಿಗೆ ಕಾಯುತ್ತ ಕುಳಿತಾಗ ಕಾಮಣ್ಣ ಅವಳ ತೊಡೆಯ ಮೇಲೆಯೇ ತೀರಿಕೊಂಡ.

“ನಾಕ ಅಕ್ಷರ ಬಂದಿದ್ರ ನನ್ನ ಗಂಡ ಉಳೀತಿದ್ದ ಬಾಯಾರ” ಎಂದು ನನ್ನ ಮುಂದೆ ಎಷ್ಟೋ ಸಲ ಅತ್ತಿದ್ದಾಳೆ. “ದ್ರೌಪದಿ ನನ್ನಂಗ ಆಗಬಾರದು.”

ದ್ರೌಪದಿ ಅವಳ ಒಬ್ಬಳೇ ಮಗಳು. ಊರೊಳಗಿನ ಶಾಲೆ ಮುಂಜಾನೆ ಕೂಡುತ್ತಿತ್ತು. ವಸ್ತಿಯ ಮಕ್ಕಳು ಆ ಹೊತ್ತಿಗೆ ಕುರಿಗಳ ಹಿಂದೆ ಇರುತ್ತಿದ್ದವು. ಸುಗಲಾಬಾಯಿ ಶಾಲಾ ಮಂಡಳಿಯ ಕಂಡಕಂಡ ಮೆಂಬರರ ಕಾಲು ಹಿಡಿದು, ಉಣ್ಣೆ ತುಂಬುವ ತನ್ನ ಗುಡಿಸಲನ್ನೇ ಬಿಟ್ಟುಕೊಟ್ಟು, ಕುರಿ ನೆರಳಿಗೆ ನಿಲ್ಲುವ ಮಧ್ಯಾಹ್ನದ ಹೊತ್ತಿಗೆ ಒಂದು ಶಾಲೆ ತರಿಸಿದಳು. ಪ್ರಯೋಗಕ್ಕೆಂದು ಎರಡು ವರ್ಷ ಮಾತ್ರ, ಆಮೇಲೆ ನೋಡೋಣ ಎಂದರು. ಚನ್ನವೀರಪ್ಪ ಮಾಸ್ತರರು ಬಂದರು. ಹುಣಸೆಬೀಜ ಹರವಿಕೊಂಡು ಲೆಕ್ಕ ಕಲಿಸಿದರು. ದ್ರೌಪದಿ ಬಲು ಚುರುಕು. ಕನ್ನಡ ಬಂತು, ಮರಾಠಿ ಅಕ್ಷರವೂ ಬಂತು. ಕಂಡದ್ದನ್ನೆಲ್ಲ ಓದುವಳು, ಕಂಡದ್ದನ್ನೆಲ್ಲ ಎಣಿಸುವಳು.

ಎಣಿಸಿದ್ದೇ ತಪ್ಪಾಯಿತು. ಒಂದು ಸಂಜೆ ಕುರಿಗಳು ಹಟ್ಟಿಗೆ ಬರುವಾಗ ಬಾಗಿಲಲ್ಲಿ ನಿಂತು ಒಂದು, ಎರಡು ಎಂದು ದೊಡ್ಡ ದನಿಯಲ್ಲಿ ಎಣಿಸಿಬಿಟ್ಟಳು. ಉಣ್ಣೆ ಕೊಳ್ಳಲು ಬಂದ ಪರವೂರಿನವನೊಬ್ಬ ಅಲ್ಲೇ ಕುಳಿತಿದ್ದ. ವಸ್ತಿಯಲ್ಲಿ ಯಾರೂ ಕುರಿಯ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮುಖ ನೋಡಿಯೇ ಯಾವುದು ಬಂದಿಲ್ಲ ಎಂದು ತಿಳಿಯುತ್ತಾರೆ. ಹೊರಗಿನವರ ಎದುರು ಎಣಿಸಿದರೆ ಕಣ್ಣು ಬೀಳುತ್ತದೆ, ಕುಲದೇವರು ಬೀರಪ್ಪ ಮುನಿಯುತ್ತಾನೆ. ಅದೇ ವಾರ ಹಿಂಡಿಗೆ ರಕ್ತಭೇದಿ ಹತ್ತಿ ಮರಿಗಳು ಸಾಲಾಗಿ ಸತ್ತವು. ಸುಗಲಾಬಾಯಿ ಹುಚ್ಚಿಯಾದಳು. ಮಗಳನ್ನು ವಸ್ತಿಯ ಮಕ್ಕಳೆಲ್ಲರ ಎದುರು ಬಡಿದಳು. ಬೀರಪ್ಪನ ಕಲ್ಲಿನ ಮುಂದೆ ನಿಲ್ಲಿಸಿ ನಾಲಗೆಗೆ ಭಂಡಾರದ ಅರಿಶಿನ ಹಚ್ಚಿ ಆಣೆ ಹಾಕಿಸಿದಳು: ಕುರಿಯ ಲೆಕ್ಕ ಇನ್ನು ಆ ಬಾಯಿಂದ ಹೊರಗೆ ಬರಬಾರದು. ಉಳಿದ ಮಕ್ಕಳಿಗೆ ಬೇರೆ ಪಾಠ ಬೇಕಾಗಲಿಲ್ಲ.

ಶಾಲೆಯ ಎರಡನೆಯ ವರ್ಷ, ಐವತ್ತೆಂಟರಲ್ಲಿ, ಪುಣೆಯಿಂದ ಒಬ್ಬ ಸಂಶೋಧಕರು ಬಂದರು. ಬಿಳಿ ಪ್ಯಾಂಟು, ಮೃದು ಮಾತು, ಜೇಬಿನ ತುಂಬ ಪೆಪ್ಪರಮಿಂಟು. ಯಾವ ಜಾತಿಯ ಮಕ್ಕಳಿಗೆ ಎಷ್ಟು ಕಲಿಯುವ ಶಕ್ತಿ ಇದೆ ಎಂದು ತಿಳಿದರೆ ಸರಕಾರ ಶಾಲೆಯ ದುಡ್ಡನ್ನು ಸರಿಯಾದ ಕಡೆಗೆ ಸುರಿಯಬಹುದು ಎಂದು ನಮ್ಮ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ ವಿವರಿಸಿದರು. ಮನುಷ್ಯ ಕೆಟ್ಟವನಲ್ಲ. ಆದರೆ ಮಕ್ಕಳನ್ನು ಮೊದಲು ಜಾತಿ ಕೇಳಿ ಆಮೇಲೆ ಹೆಸರು ಕೇಳುವುದನ್ನು ನೋಡಿ ನನಗೆ ಮೈ ಉರಿಯಿತು. ಉಕ್ಕಿನ ಚಿಮಟದಂಥದ್ದನ್ನು ಇಟ್ಟು ತಲೆಯ ಅಳತೆಯನ್ನೂ ತೆಗೆದರು. ಉಣ್ಣೆ ಕತ್ತರಿಸುತ್ತಾರೆಂದು ತಿಳಿದು ಮಕ್ಕಳು ಬಿದ್ದುಬಿದ್ದು ನಕ್ಕವು.

ನಗು ಅಲ್ಲಿಗೇ ನಿಂತಿತು. ಹೇಳಿಕೊಡಬಾರದೆಂದು ಮಾಸ್ತರರನ್ನು ಗುಡಿಸಲಿನಿಂದ ಹೊರಗೆ ಕಳಿಸಿ, ಸಾಹೇಬರು ಒಬ್ಬೊಬ್ಬರನ್ನೇ ಕರೆದು ಕನ್ನಡದಲ್ಲೇ ಕೇಳಿದರು. ನಿನ್ನ ಹತ್ತಿರ ಹನ್ನೆರಡು ಕುರಿ. ನಾಲ್ಕು ಮಾರಿದೆ. ಉಳಿದವೆಷ್ಟು? ಕುರುಬರ ಮಕ್ಕಳಿಗೆ ಸುಲಭವಾಗಲಿ ಎಂದೇ ಕುರಿ ಆರಿಸಿದ್ದರಂತೆ, ಪುಣ್ಯಾತ್ಮರು! ಮಕ್ಕಳೆಲ್ಲ ಬಾಯಿಗೆ ಬೀಗ ಹಾಕಿ ನಿಂತವು. ಮಾರಿದ ಕುರಿ, ಉಳಿದ ಕುರಿ, ಎಲ್ಲ ಪ್ರಶ್ನೆಯೂ ಅದೇ ದಾರಿ. ಊರ ಶಾಲೆಯಲ್ಲಿ ನಮ್ಮ ಮೈದುನನ ಮಗ, ಸ್ವಂತ ಮೂಗು ಒರೆಸಿಕೊಳ್ಳಲು ಬಾರದವನು, ಅದೇ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಿ ಎರಡು ಪೆಪ್ಪರಮಿಂಟು ಹೊಡೆದ. ಅವನಿಗೇನು, ಅವನ ಅಪ್ಪನ ಹಟ್ಟಿಯಲ್ಲಿ ಒಂದು ಕುರಿಯೂ ಇರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಸೋಲಾಪುರದಿಂದ ಹುಕುಂ ಬಂತು. ಈ ಜಾತಿಯ ಮಕ್ಕಳಿಗೆ ಅಂಕಿಯ ತಿಳಿವಳಿಕೆ ಹಿಡಿಯುವುದಿಲ್ಲವೆಂದು ಸಂಶೋಧನೆ ತೋರಿಸಿದೆ. ವಸ್ತಿ ಶಾಲೆ ಮುಂದುವರಿಸುವುದು ಬೇಡ. ಮಾಸ್ತರರು ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಯಾಕೆ ಉತ್ತರ ಹೇಳಲಿಲ್ಲ ಎಂದು ಕೇಳಿದರು.

“ಅವ್ರು ಕುರಿ ಲೆಕ್ಕ ಕೇಳಿದ್ರರಿ, ಮಾಸ್ತರ್ರ” ಎಂದಳು ದ್ರೌಪದಿ.

ಚನ್ನವೀರಪ್ಪ ಮಾಸ್ತರರು ಹಣೆ ಹಣೆ ಬಡಿದುಕೊಂಡರು. ಅವರು ಬರೆದ ಅರ್ಜಿಗೆ ಉತ್ತರ ಬರಲಿಲ್ಲ. ಮಾಸ್ತರನು ತನ್ನ ನೌಕರಿ ಉಳಿಸಿಕೊಳ್ಳಲು ಕಥೆ ಕಟ್ಟುತ್ತಾನೆ ಎಂದುಕೊಂಡಿರಬೇಕು.

ಕೊನೆಗೆ ಒಂದು ದಿನ ಬೆಳಕು ಹರಿಯುವ ಮೊದಲೇ ಸುಗಲಾಬಾಯಿ ನಮ್ಮ ಬಾಗಿಲಿಗೆ ಬಂದಳು. ಮುಖ ಬಾತುಹೋಗಿತ್ತು.

“ನಾನಽ ಕೆಡಿಸೀನ್ರಿ ಬಾಯಾರ. ನನ್ನ ಕೈಯಾರ ಸಾಲಿ ಕೊಂದೀನಿ. ನಿಮಗ ಮರಾಠಿ ಬರತದ, ನನ್ನ ಜೋಡಿ ಸೋಲಾಪುರಕ್ಕ ಬರ್ರಿ. ಹುಕುಂ ಕಳಿಸಿದ ಸಾಹೇಬರ ಮುಂದ ನನ್ನ ಮಗಳು ಹೇಳತಾಳ. ಆಣಿ ನಾ ಬಿಡಸತೀನಿ.”

ನನ್ನ ತವರು ಸೋಲಾಪುರ. ಹೊರಟೇಬಿಟ್ಟೆ. ಅಕ್ಕಲಕೋಟೆಯ ಸ್ಟ್ಯಾಂಡಿನಲ್ಲಿ ಮೂರು ಬಸ್ಸು ನಿಂತಿದ್ದವು. ದ್ರೌಪದಿ ಓಡಿಹೋಗಿ ಬೋರ್ಡು ನೋಡಿ, “ಅವ್ವಾ, ಇದು ಸೋಲಾಪುರದ್ದು!” ಎಂದು ಕೂಗಿದಳು. ಸುಗಲಾಬಾಯಿ ಆ ಬೋರ್ಡಿನ ಕೆಳಗೆ ನಿಂತು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಬಸ್ಸಿನ ತುಂಬ ಮಗಳ ಕೈ ಹಿಡಿದು ಪಿಸುಗುಟ್ಟುತ್ತಲೇ ಇದ್ದಳು. ಇವತ್ತೊಂದು ದಿನ ಹೇಳು, ಪಾಪ ಬಂದರೆ ನನಗೆ ಬರಲಿ, ಬೀರಪ್ಪನಿಗೆ ನಾನು ತಪ್ಪೊಪ್ಪಿಕೊಳ್ಳುತ್ತೇನೆ.

ಮಿಲ್ಲಿನ ಭೋಂಗಾ ಕೂಗುವ ಹೊತ್ತಿಗೆ ಶಿಕ್ಷಣ ಕಚೇರಿಯ ಮಹಡಿಯಲ್ಲಿ ನಮ್ಮನ್ನು ಒಳಗೆ ಬಿಟ್ಟರು. ಅಧಿಕಾರಿ ವಯಸ್ಸಾದವರು, ಗದರುವವರಲ್ಲ. ನಾನು ಎಲ್ಲವನ್ನೂ ಮರಾಠಿಯಲ್ಲಿ ಹೇಳಿದೆ. ಹುಡುಗಿಯನ್ನು ಹುಣಸೆಬೀಜದಲ್ಲಿ ಕೇಳಿ, ಜೋಳದ ತೆನೆಯಲ್ಲಿ ಕೇಳಿ, ಏನು ಬೇಕಾದರೂ ಹೇಳುತ್ತಾಳೆ ಎಂದು ಕೈ ಮುಗಿದೆ.

ಪ್ರಶ್ನೆ ಬದಲಿಸಲು ಬರುವುದಿಲ್ಲ ಬಾಯಾರೇ, ಎಂದರು ಅವರು. ಎಲ್ಲ ಜಾತಿಗೂ ಒಂದೇ ಪ್ರಶ್ನೆ ಕೇಳಿದರೆ ತಾನೆ ಹೋಲಿಸಲು ಬರುವುದು? ಆದರೂ ನೀವು ಇಷ್ಟು ದೂರ ಬಂದಿದ್ದೀರಿ. ಇವಳು ಉತ್ತರ ಹೇಳಿದರೆ ವಸ್ತಿಯ ಮಕ್ಕಳನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸಿ ಎಂದು ಬರೆಯುತ್ತೇನೆ.

ಅವರು ಕನ್ನಡಕ ಏರಿಸಿಕೊಂಡು ಕಾಗದ ನೋಡಿ, ಅಕ್ಕರೆಯಿಂದಲೇ, ಬಾಳ, ಮಗೂ, ನಿನ್ನ ಹತ್ತಿರ ಹನ್ನೆರಡು ಕುರಿ ಎಂದು ಸುರುಮಾಡಿದರು. ನಾನು ಕನ್ನಡದಲ್ಲಿ ಹೇಳಿದೆ.

ದ್ರೌಪದಿ ತುಟಿ ಬಿಗಿದು ನೆಲ ನೋಡಿದಳು.

“ಹೇಳವ್ವಾ” ಎಂದಳು ಸುಗಲಾಬಾಯಿ. “ನಾನಽ ಹೇಳಾಕತ್ತೀನಲ್ಲ. ನಿನ್ನ ಆಣಿ ನನ್ನ ತಲಿ ಮ್ಯಾಲ. ಹೇಳು, ನನ್ನ ಬಂಗಾರ.” ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ತಾಯಿ ಮಂಡಿಯೂರಿ ಮಗಳ ಕಾಲು ಹಿಡಿದಳು. ಹೊಡೆದು ಕಲಿಸಿದ್ದನ್ನು ಬೇಡಿಕೊಂಡು ಮರೆಸಲು ನೋಡಿದಳು. ಅಧಿಕಾರಿ ಮುಜುಗರದಿಂದ ಕಿಟಕಿಯ ಕಡೆಗೆ ತಿರುಗಿ, ಸ್ವಲ್ಪ ಹೊತ್ತು ಕಾದು, ಕಾಗದ ಮಡಚಿದರು. ಇವರಲ್ಲಿ ಹೀಗೇ ಬಾಯಾರೇ, ಪುಣೆಯವರು ಸರಿಯಾಗಿಯೇ ಬರೆದಿದ್ದಾರೆ, ಎಂದರು.

ಮೆಟ್ಟಿಲಿಳಿದು ಅಂಗಳಕ್ಕೆ ಬಂದೆವು. ಬೇವಿನ ಮರದ ಕೆಳಗೆ ದ್ರೌಪದಿ ನಿಂತು, ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ತಾಯಿಯ ಸೆರಗು ಎಳೆದಳು.

“ಎಂಟು ಉಳೀತಾವ ಅವ್ವಾ. ಅಲ್ಲಿ ಹೇಳಿದ್ರ ಅವೂ ಸಾಯ್ತಿದ್ದವು.”

ಸುಗಲಾಬಾಯಿ ಮಗಳನ್ನು ನೋಡಿದಳು. ಆಮೇಲೆ ತಿರುಗಿ ಮೆಟ್ಟಿಲಿಗೆ ಓಡಿದಳು. ಊಟದ ಹೊತ್ತಾಯಿತು, ಸಾಹೇಬರು ಸಿಗುವುದಿಲ್ಲ ಎಂದು ಪೇದೆ ಅಡ್ಡ ನಿಂತ. ಅವಳು ಅಂಗಳದ ನಡುವೆ ಬಂದು ಮೇಲಿನ ಕಿಟಕಿಗೆ ಮುಖವೆತ್ತಿ ಕೂಗಿದಳು. “ಎಂಟು! ಸಾಹೇಬ್ರ, ಎಂಟು! ನನ್ನ ಮಗಳು ಹೇಳ್ಯಾಳ, ಎಂಟು!” ಗುಮಾಸ್ತರು ಜಗುಲಿಗೆ ಬಂದು ನೋಡಿದರು. ಅದು ಯಾವುದರ ಉತ್ತರ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಾರೋ ನಕ್ಕರು. ಪೇದೆ ಅವಳ ರಟ್ಟೆ ಹಿಡಿದು ಗೇಟಿನ ಹೊರಗೆ ಬಿಟ್ಟ. ನಾನು ಅವನಿಗೆ ಮರಾಠಿಯಲ್ಲಿ ಬೈಯಬಹುದಾದದ್ದನ್ನೆಲ್ಲ ಬೈದೆ. ಅದರಿಂದ ಏನೂ ಆಗಲಿಲ್ಲ.

ಸೋಲಾಪುರದ ಸ್ಟ್ಯಾಂಡಿನಲ್ಲಿ ಸಾಲಾಗಿ ಬಸ್ಸುಗಳು. ಸುಗಲಾಬಾಯಿಯ ದನಿ ಒಡೆದುಹೋಗಿತ್ತು.

“ಓದವ್ವಾ, ನಮ್ಮದು ಯಾವುದು?”

ದ್ರೌಪದಿ ಬೋರ್ಡಿನ ಕಡೆ ನೋಡಿದಳು, ಸುತ್ತ ನಿಂತ ಪರವೂರಿನ ಮಂದಿಯ ಕಡೆಯೂ ನೋಡಿದಳು. ಮುಂಜಾನೆ ಕೂಗಿ ಓದಿದ ಹುಡುಗಿ ಈಗ ತುಟಿ ಬಿಗಿದುಕೊಂಡೇ ನಿಂತಳು. ತಾಯಿ ಮತ್ತೆ ಕೇಳಿದಳು. ಆಮೇಲೆ ನಾನೇ ಓದಿ ಹೇಳಿದೆ.